ಇಬ್ಬರಿಗಷ್ಟೇ ಜಾಗ

ಫೆಬ್ರವರಿ 23, ಗುರುವಾರ

ಚರ್ಚಿನ ಸಭೆಯ ಹೆಂಗಸರು ದಂಡಾಗಿ ಬಂದು ಹೋದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ನೋಡಿದವರು ಮದುವೆ ಮನೆ ಅಂದುಕೊಳ್ಳಬೇಕು. ಇವರ ಹಾಸಿಗೆಯ ಸುತ್ತ ಕೂತು ಎರಡು ಹಾಡು ಹಾಡಿದರು, ಪ್ರಾರ್ಥನೆ ಮಾಡಿದರು, ನಾನು ಹೆಚ್ಚಿಟ್ಟ ಸೇಬನ್ನೆಲ್ಲ ಮುಗಿಸಿದರು. ಲಿವರ್ ಪೂರ್ತಿ ಕೆಟ್ಟಿದೆ, ಇನ್ನು ಮನೆಯಲ್ಲೇ ಇರಲಿ ಎಂದು ಆಸ್ಪತ್ರೆಯವರು ಕಳಿಸಿದ ಮೇಲೆ ಹೀಗೇ, ದಿನಾ ಯಾರಾದರೂ ಬರುತ್ತಾರೆ.

ಹೊರಡುವಾಗ ಮಾಲ್‌ಸುಕ್ ಇವರ ಕೈ ಹಿಡಿದುಕೊಂಡಳು. ಉಪ್ಪುಸೀಗಡಿ ಬಜಾರಿನಲ್ಲಿ ಅವಳ ಅಂಗಡಿ ನನ್ನ ಅಂಗಡಿಗೆ ಒತ್ತಿಕೊಂಡೇ ಇದೆ, ಹಾಗಾಗಿ ಅವಳ ಬಾಯಿ ನನಗೆ ಹೊಸದಲ್ಲ.

"ಹಿರಿಯರೇ, ಏನೂ ಹೆದರ್ಬೇಡಿ," ಅಂದಳು. "ಬೋಕ್‌ಹಿ ಅಲ್ಲಿ ಬಾಗ್ಲಲ್ಲೇ ನಿಂತು ಕಾಯ್ತಿರ್ತಾಳೆ. ಎಷ್ಟು ವರ್ಷ ಆಯ್ತು ಪಾಪ, ಒಬ್ಳೇ."

ಇವರು ನಕ್ಕರು. ವಾರದಿಂದ ಅನ್ನ ಸೇರದೆ, ನಿದ್ದೆ ಹತ್ತದೆ ಇದ್ದ ಮನುಷ್ಯ ನಕ್ಕರು. ಖಾಲಿ ತಟ್ಟೆ ಹಿಡಿದು ನಾನು ಅವರ ತಲೆಯ ಹತ್ತಿರವೇ ನಿಂತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಇವರ ಮೊದಲ ಹೆಂಡತಿ ಬೋಕ್‌ಹಿ ಈ ಮನೆಯಲ್ಲಿ ಬಾಳಿದ್ದು ಹತ್ತೊಂಬತ್ತು ವರ್ಷ. ನಾನು ಬಂದು ಇಪ್ಪತ್ತಮೂರು ಆಯಿತು. ಈ ಮನುಷ್ಯನ ಕಾಲುಗುರು ತೆಗೆಯುವುದರಿಂದ ಹಿಡಿದು ಈಗ ಬಟ್ಟೆ ಬದಲಿಸುವ ತನಕ ಎಲ್ಲ ನನ್ನದು. ಪರಲೋಕದ ಬಾಗಿಲಲ್ಲಿ ಕೈ ಬೀಸುವ ಕೆಲಸ ಮಾತ್ರ ಅವಳದ್ದು. ಚೆನ್ನಾಗಿದೆ.

ಅವರಿಗೆಲ್ಲ ಸಕ್ಕರೆ ಹಾಕದ ಕಾಫಿ ಕೊಟ್ಟಿದ್ದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಗಾಂಗ್‌ಗ್ಯಾಂಗ್‌ನವರು ಯಾವತ್ತೂ ಮುಖದ ಮೇಲೆ ಏನೂ ಹೇಳುವವರಲ್ಲ. ನಾನೂ ಈ ಊರಿನವಳೇ.

ಫೆಬ್ರವರಿ 26, ಭಾನುವಾರ

ಈಸ್ಟರಿಗೆ ಮುಂಚಿನ ಶ್ರಮೆಗಳ ಕಾಲ ಶುರುವಾಗಿದೆ. ಪ್ರತಿ ವರ್ಷದಂತೆ ಈ ಸಲವೂ ಹೆಂಗಸರೆಲ್ಲ ಆ ಹಬ್ಬದ ಹೊತ್ತಿಗೆ ಬೈಬಲಿನ ಒಂದು ಸುವಾರ್ತೆಯನ್ನು ಕೈಯಲ್ಲಿ ಬರೆದು ಮುಗಿಸಬೇಕು, ಬರೆದದ್ದನ್ನು ಪೀಠದ ಮುಂದೆ ಇಡುತ್ತಾರೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಹಳೆಯ ಪಾಸ್ಟರ್ ಹೇಳುತ್ತಿದ್ದರು. ಮಾಲ್‌ಸುಕ್‌ಳದು ಏಡಿ ನಡೆದ ಹಾಗೆ.

ನಾನು ಜನವರಿಯಲ್ಲೇ ಹಿಡಿದಿದ್ದೆ, ಹಾಗಾಗಿ ಕೊನೆಯ ಅಧ್ಯಾಯಗಳಿಗೆ ಬಂದಿದ್ದೇನೆ. ಇವರು ಮಲಗಿದ್ದಾಗ ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಮದುವೆಯಾದ ಹೆಂಗಸಿನ ಮಾತು ಬಂತು. ಏಳೂ ಜನ ಸತ್ತರು, ಆಮೇಲೆ ಅವಳೂ ಸತ್ತಳು. ಪುನರುತ್ಥಾನದ ದಿನ ಅವಳು ಯಾರ ಹೆಂಡತಿ ಎಂದು ಕಿಲಾಡಿಗಳು ಸ್ವಾಮಿಯನ್ನು ಕೇಳುತ್ತಾರೆ. ಅಲ್ಲಿ ಮದುವೆಯಾಗುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ, ಎಲ್ಲರೂ ದೇವದೂತರ ಹಾಗೆ ಇರುತ್ತಾರೆ ಅನ್ನುವುದು ಸ್ವಾಮಿಯ ಉತ್ತರ. ಎಷ್ಟು ಸಲ ಓದಿಲ್ಲ ಇದನ್ನು. ಓದಿ ಮುಂದೆ ಹೋಗಿದ್ದೇನೆ.

ಇವತ್ತು ಕೈ ಓಡಲಿಲ್ಲ. ಅಷ್ಟು ಸಾಲಿನ ಜಾಗ ಖಾಲಿ ಬಿಟ್ಟು ಮುಂದಿನದನ್ನು ಬರೆದೆ.

ಮಾರ್ಚ್ 4, ಶನಿವಾರ

ಇವರ ಮಗಳು ಹೇರಿಮ್ ದೇಜಾನ್‌ನಿಂದ ಬಂದಿದ್ದಳು. ಅಪ್ಪನಿಗೆ ಅಕ್ಕಿ ಗಂಜಿ, ನನಗೆ ಮೊಣಕಾಲಿನ ಪಟ್ಟಿ. ಒಳ್ಳೆಯ ಹುಡುಗಿ, ಹುಡುಗಿ ಏನು, ನಲವತ್ತು ದಾಟಿದ ಟೀಚರು. ತಾಯಿ ಹೋದಾಗ ಹೈಸ್ಕೂಲಿನಲ್ಲಿದ್ದಳು. ನಾನು ಬಂದ ದಿನದಿಂದ ಅವಳು ನನ್ನನ್ನು ಏನೂ ಕರೆದಿಲ್ಲ. "ನೋಡಿ" ಅನ್ನುತ್ತಾಳೆ, "ಇಲ್ಬನ್ನಿ" ಅನ್ನುತ್ತಾಳೆ. ದೂರದಲ್ಲಿದ್ದರೆ ಹತ್ತಿರ ಬರುವ ತನಕ ಕಾಯುತ್ತಾಳೆ, ಕೂಗಲು ಹೆಸರಿಲ್ಲವಲ್ಲ.

ಊಟವಾದ ಮೇಲೆ ಅಪ್ಪನ ಹತ್ತಿರ ಕೂತು ವಿಷಯ ತೆಗೆದಳು. ಗುಡ್ಡದಲ್ಲಿ ಇನ್ನೊಂದು ಗೋರಿ ಬೇಡ, ಮುಂದೆ ಪ್ರತಿ ಶರತ್ಕಾಲಕ್ಕೆ ಗುಡ್ಡ ಏರಿ ಗೋರಿಯ ಹುಲ್ಲು ಕೊಯ್ಯುವವರು ಯಾರು ಅಂದಳು. ಈ ತಿಂಗಳ ಕೊನೆಗೆ ಅಧಿಕ ಮಾಸ ಬರುತ್ತದೆ, ಆಗಲೇ ಅಮ್ಮನ ಗೋರಿ ತೆಗೆಸಿ, ದಹನ ಮಾಡಿಸಿ, ಚರ್ಚಿನ ಅಸ್ಥಿಗೃಹದಲ್ಲಿ ಇಟ್ಟುಬಿಡೋಣ ಎಂದಳು. ಅಧಿಕ ಮಾಸದಲ್ಲಿ ಸತ್ತವರನ್ನು ಅಲುಗಿಸಿದರೆ ದೋಷವಿಲ್ಲವಂತೆ. ಚರ್ಚಿನ ಹಿರಿಯನ ಮಗಳು ಇದನ್ನು ಹೇಳಿದಳು, ಚರ್ಚಿನ ಹಿರಿಯ ತಲೆಯಾಡಿಸಿದರು. ನಮ್ಮಲ್ಲಿ ನಂಬಿಕೆ ಬೇರೆ, ಅಧಿಕ ಮಾಸ ಬೇರೆ.

"ದಂಪತಿ ಗೂಡು ಒಂದನ್ನ ಹೇಳಿಟ್ಟಿದೀನಿ ಅಪ್ಪ," ಎಂದಳು. "ಗಾಜಿನ ಬಾಗ್ಲು, ಒಳಗೆ ಎರಡು ಭರಣಿ ಅಕ್ಕಪಕ್ಕ. ಇಬ್ಬರಿಗೆ ಸರಿಯಾಗಿದೆ."

ಹೇಳಿ ಮುಗಿಸಿದ ಮೇಲೆ ಅವಳ ಕಿವಿ ಕೆಂಪಾಯಿತು. ಇವರು ಗೋಡೆಯ ಕಡೆ ನೋಡುತ್ತಿದ್ದರು. ನಾನು ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ, ತೊಳೆದ ಬಟ್ಟಲನ್ನೇ ಮತ್ತೆ ತೊಳೆದೆ.

ನನಗೂ ಜಾಗ ಬೇಕು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವುದಿಲ್ಲ. ಇವರ ಪಕ್ಕದ ಜಾಗವನ್ನು ನಾನು ಬಾಯಿಬಿಟ್ಟು ಕೇಳಬೇಕೇ? ಕೇಳಿದ ಮೇಲೆ ಕೊಟ್ಟರೆ ಅದು ಕೊಟ್ಟಂತೆಯೇ?

ಮಾರ್ಚ್ 8, ಬುಧವಾರ

ಹೊಟ್ಟೆಯ ನೀರು ತೆಗೆಸಲು ನೊನ್ಸಾನ್‌ನ ಆಸ್ಪತ್ರೆಗೆ ಹೋಗಿ ಬಂದೆವು. ಮನೆಗೆ ಬಂದು ಕಾಲು ಒತ್ತಿದೆ. ಒತ್ತುವಾಗ ಸ್ವಲ್ಪ ಗಟ್ಟಿಯಾಗಿಯೇ ಒತ್ತಿದೆ.

ಮಾರ್ಚ್ 12, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಪ್ಯೋ ಅವರ ಕೋಣೆಗೆ ಹೋದೆ. ಈ ಪಾಸ್ಟರ್ ಬಂದು ಎರಡು ವರ್ಷವೂ ಆಗಿಲ್ಲ, ಮುಖದಲ್ಲಿ ಇನ್ನೂ ಮೊಡವೆ. ಆದರೂ ಕೇಳಲು ಬೇರೆ ಯಾರಿದ್ದಾರೆ.

ಸತ್ತ ಮೇಲೆ ಗಂಡ ಹೆಂಡತಿ ಏನಾಗುತ್ತಾರೆ ಎಂದು ನೇರವಾಗಿ ಕೇಳಿದೆ. ಅವರು ನನಗೆ ಜೋಳದ ಚಹಾ ಕೊಟ್ಟು, ನಿಧಾನವಾಗಿ, ಪಾಠದ ಹಾಗೆ ಹೇಳಿದರು. ಮದುವೆ ಅನ್ನುವುದು ಈ ಲೋಕಕ್ಕೆ ದೇವರು ಕೊಟ್ಟದ್ದು, ಸಾವು ಬಂದಾಗ ಅದರ ಕೆಲಸ ಮುಗಿಯುತ್ತದೆ. ಅದಕ್ಕೇ ಪ್ರಮಾಣದಲ್ಲಿ ಸಾವು ನಮ್ಮನ್ನು ಅಗಲಿಸುವ ತನಕ ಎಂದು ಹೇಳಿಸುವುದು. ಅಲ್ಲಿ ಯಾರೂ ಯಾರ ಸೊತ್ತಲ್ಲ, ಎಲ್ಲರೂ ದೇವರ ಮಕ್ಕಳು. ಆದ್ದರಿಂದ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು.

"ಹಾಗಾದ್ರೆ ಪಾಸ್ಟರೇ," ಎಂದೆ, "ನಮ್ಮನೆಗೆ ಬಂದೋರೆಲ್ಲ ಇವ್ರನ್ನ ಬೋಕ್‌ಹಿ ಹತ್ರ ಯಾಕೆ ಕಳಿಸ್ತಿದಾರೆ? ಹೋದ್ ತಿಂಗ್ಳು ನೀವೂ ಹೇಳಿದ್ರಿ, ಅಗಲಿದವರನ್ನ ಸೇರೋ ದಿನ ಅಂತ. ಅಲ್ಲಿ ಮದುವೆ ಇಲ್ಲ ಅನ್ನೋ ವಚನ ನನ್ನೊಬ್ಬಳಿಗೆ ಬರ್ದಿದ್ದಾ?"

ಅವರು ಲೋಟವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ತಿರುಗಿಸಿದರು. "ನೀವು ಕೇಳಿದ್ದು ಸರಿ ಇದೆ. ನಂಗೆ ಉತ್ತರ ಗೊತ್ತಿಲ್ಲ," ಅಂದರು. ಪಾಪ ಅನ್ನಿಸಿತು. ಚಹಾ ಚೆನ್ನಾಗಿದೆ ಎಂದು ಹೇಳಿ ಬಂದೆ.

ಉತ್ತರ ಸಿಗಲಿಲ್ಲ, ಆದರೆ ಮೊಣಕಾಲು ನೋಯದೆ ಮನೆ ತನಕ ನಡೆದೆ.

ಮಾರ್ಚ್ 15, ಬುಧವಾರ

ಮಧ್ಯಾಹ್ನ ಅಂಗಡಿಯಲ್ಲಿ ಡಬ್ಬಿಗಳಿಗೆ ಸೀಗಡಿ ತುಂಬುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಜಿನ್‌ಗು ನೆನಪಾದ. ಇಷ್ಟು ದಿನ ಬೋಕ್‌ಹಿ ಬೋಕ್‌ಹಿ ಎಂದು ಕುದಿಯುತ್ತಿದ್ದೆನಲ್ಲ, ನನಗೂ ಒಬ್ಬ ಮೊದಲ ಗಂಡನಿದ್ದ ಅನ್ನುವುದೇ ಮರೆತಿತ್ತು.

ಅವನು ದೋಣಿಯ ಜೊತೆ ಮುಳುಗಿದಾಗ ಇಪ್ಪತ್ತೇಳು. ನನ್ನ ಜೊತೆ ಬಾಳಿದ್ದು ನಾಲ್ಕೇ ವರ್ಷ, ಅದರಲ್ಲಿ ಅರ್ಧ ಸಮುದ್ರದಲ್ಲಿ. ಒಳ್ಳೆಯವನೇ. ಚೆನ್ನಾಗಿ ಶಿಳ್ಳೆ ಹೊಡೆಯುತ್ತಿದ್ದ. ದನಿ ಹೇಗಿತ್ತು ಎಂದು ಎಷ್ಟು ಯೋಚಿಸಿದರೂ ಬರಲಿಲ್ಲ, ಶಿಳ್ಳೆ ಮಾತ್ರ ಬಂತು. ಈಗ ಅವನೂ ಅಲ್ಲಿ ಬಾಗಿಲಲ್ಲಿ ನಿಂತಿದ್ದರೆ? ಅವನಿಗೆ ಇಪ್ಪತ್ತೇಳು, ನನಗೆ ಅರವತ್ತಾರು. ಯಾರಮ್ಮಾ ನೀವು, ಯಾರನ್ನ ಹುಡುಕ್ತಿದೀರಿ ಎಂದು ಕೇಳಿಯಾನು. ನನಗೆ ಅವನ ಹತ್ತಿರ ಹೋಗುವ ಆಸೆ ಒಂದಿಷ್ಟೂ ಇಲ್ಲ. ಅದನ್ನು ಅವನ ಮುಖಕ್ಕೆ ಹೇಗೆ ಹೇಳುವುದು?

ಆಗ ಆ ವಚನ ಎಷ್ಟು ಹಿತವಾಗಿ ಕಂಡಿತು ಅಂದರೆ ನನಗೇ ನಗು ಬಂತು. ಜಿನ್‌ಗುವಿಗೆ ಹೇಳಲು ಅದು ಬೇಕು. ಇವರಿಗೆ ಹೇಳಲು ಬೇಡ.

ಇನ್ನೊಂದು ಮಾತು ಹೊಳೆಯಿತು. ಏಳು ಗಂಡಂದಿರ ಆ ಹೆಂಗಸು ಯಾರವಳು ಎಂದು ಕಿಲಾಡಿಗಳು ಸ್ವಾಮಿಯನ್ನು ಕೇಳಿದರು. ನಿನಗೆ ಎಲ್ಲಿರಬೇಕಮ್ಮಾ ಎಂದು ಅವಳನ್ನು ಯಾರೂ ಕೇಳಲಿಲ್ಲ. ಏಳು ಸಾವು ಕಂಡವಳು, ಎಷ್ಟು ಸುಸ್ತಾಗಿದ್ದಳೋ.

ಮಾರ್ಚ್ 29, ಬುಧವಾರ

ಕೈಯಿಂದ ಮಣ್ಣಿನ ವಾಸನೆ ಹೋಗಿಲ್ಲ, ಎರಡು ಸಲ ಸೋಪು ಹಾಕಿದೆ.

ಬೆಳಿಗ್ಗೆ ಬೇಗ ಗುಡ್ಡಕ್ಕೆ ಹೋದೆವು. ಇವರನ್ನು ನೋಡಿಕೊಳ್ಳಲು ಮಾಲ್‌ಸುಕ್ ಬಂದು ಕೂತಳು. ನಾನು ಹೋಗಬೇಕಾದ ಕೆಲಸವೇ ಅಲ್ಲ ಅದು. ಆದರೆ ಹಿಂದಿನ ದಿನ ಹೇರಿಮ್ ಫೋನಿನಲ್ಲಿ, "ನೋಡಿ, ನಾನೊಬ್ಳೇ ಆಗ್ತೀನಿ," ಎಂದಿದ್ದಳು. ಅಷ್ಟೇ ಅಂದಳು, ಬನ್ನಿ ಅನ್ನಲಿಲ್ಲ. ಹೋದೆ.

ಪಾಸ್ಟರ್ ಚಿಕ್ಕ ಪ್ರಾರ್ಥನೆ ಮಾಡಿದರು. ಬಿಸಿಲು ಮೂಳೆಗೆ ತಾಗಬಾರದೆಂದು ಕೆಲಸದವರು ಗೋರಿಯ ಮೇಲೆ ಟಾರ್ಪಾಲು ಕಟ್ಟಿದರು. ಮೊದಲ ಗುದ್ದಲಿ ಬೀಳುತ್ತಿದ್ದಂತೆ ಹೇರಿಮ್ ಮುಖ ಬೆಳ್ಳಗಾಯಿತು. ಅವಳು ಕೆಳಗೆ ಇಳಿದು ಕಾರಿನಲ್ಲಿ ಬೆನ್ನು ತಿರುಗಿಸಿ ಕೂತಳು. ಪಾಸ್ಟರನ್ನು ಅವಳ ಹತ್ತಿರ ಕಳಿಸಿದೆ.

ಹಲಗೆ ಎತ್ತಿದಾಗ ಒಳಗೆ ನೀರು. ಮೊಣಕೈ ಮುಳುಗುವಷ್ಟು ಕಪ್ಪು ನೀರು, ಅದರಲ್ಲಿ ಪೈನ್ ಮರದ ಬೇರುಗಳು. ಮೂಳೆಗಳು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಹಿರಿಯ ಕೆಲಸದವನು ನಾಲಿಗೆ ಲೊಚಗುಟ್ಟಿ, ದನಿ ತಗ್ಗಿಸಿ, ಇಷ್ಟು ವರ್ಷ ತಣ್ಣೀರಲ್ಲೇ ಮಲಗಿದ್ರು ನೋಡಿ ಅಂದ. ಇಲ್ಲಿ ಹುಟ್ಟಿದವರೆಲ್ಲರಿಗೂ ಗೊತ್ತು. ಮೂಳೆ ಹೊಂಬಣ್ಣಕ್ಕೆ ತಿರುಗಿದ್ದರೆ ಸತ್ತವರು ಸುಖವಾಗಿ ಮಲಗಿದ್ದರು ಅಂತ. ನೀರು ಕುಡಿದು ಕಪ್ಪಾಗಿದ್ದರೆ ಅಷ್ಟು ಕಾಲ ನರಳಿದರು ಅಂತ. ಕ್ರೈಸ್ತರು ಇದನ್ನು ನಂಬಬಾರದು. ಕೆಳಗೆ ಕಾರಿನಲ್ಲಿ ಕೂತಿರುವ ಹುಡುಗಿ ಮೊದಲು ಕೇಳುವುದು ಇದನ್ನೇ.

"ಆ ಮಗೂಗೆ ಹೊಂಬಣ್ಣ ಇತ್ತು ಅಂತ ಹೇಳಿ," ಎಂದೆ. ಅವನು ನನ್ನ ಮುಖ ನೋಡಿದ. "ನೀವು ಸತ್ತವರಿಗೆ ಏನಾಗ್ಬೇಕು?" ಎಂದು ಕೇಳಿದ. ಮನೆಯವಳು ಅಂದೆ.

ಅವರು ಮೂಳೆಗಳನ್ನು ಎತ್ತಿ ಕಾಗದದ ಮೇಲೆ ಇಡುತ್ತಾ ಹೋದರು, ತಲೆಯಿಂದ ಕಾಲಿನ ತನಕ ಸಾಲಾಗಿ. ಇನ್ನೊಬ್ಬ ಕೆಲಸದವನು ಅವಸರದಲ್ಲಿ ಕೆಸರು ಒರೆಸುತ್ತಿದ್ದ. ಪಾತ್ರೆ ಉಜ್ಜಿದ ಹಾಗೆ ಉಜ್ಜುತ್ತಿದ್ದ, ನನಗೆ ನೋಡಲಾಗಲಿಲ್ಲ. ಕೊಡಪ್ಪಾ ಇಲ್ಲಿ ಎಂದು ಬಟ್ಟೆ ಕಿತ್ತುಕೊಂಡು ನಾನೇ ಕೂತೆ. ಮಗಳು ಕಾರಿನಲ್ಲಿ, ಗಂಡ ಹಾಸಿಗೆಯಲ್ಲಿ. ಇನ್ನು ಯಾರಿದ್ದಾರೆ ಹೇರಿಮ್‌ಳ ತಾಯಿಗೆ.

ಸಣ್ಣ ಆಳು. ನಾನು ಅವಳನ್ನು ಯಾಕೋ ಎತ್ತರದವಳು ಅಂದುಕೊಂಡಿದ್ದೆ. ಎಡಗೈ ಮೂಳೆಯಲ್ಲಿ ಒಂದು ಗಂಟಿತ್ತು, ಎಂದೋ ಮುರಿದು ಕೂಡಿಕೊಂಡದ್ದು. ಅದನ್ನು ಒರೆಸುವಾಗ ನೋಯಿಸುತ್ತೇನೋ ಅನ್ನುವಂತೆ ಮೆಲ್ಲಗೆ ಒರೆಸಿದೆ. ಹುಚ್ಚು.

ಹೇರಿಮ್ ಕೇಳಿದಳು, ನಾನೂ ಆ ಹಿರಿಯ ಕೆಲಸದವನೂ ಒಟ್ಟಿಗೆ ಹೊಂಬಣ್ಣ ಎಂದೆವು. ಅವಳು ಸ್ಟೀರಿಂಗಿಗೆ ಹಣೆ ಒತ್ತಿ ಅತ್ತಳು. ದಹನಗೃಹದ ತನಕ ಮೂಳೆ ತುಂಬಿದ ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ ಇತ್ತು. ತಿರುವು ಬಂದಾಗಲೆಲ್ಲ ಒಳಗೆ ಸದ್ದಾಗುತ್ತಿತ್ತು, ಗಟ್ಟಿಯಾಗಿ ಹಿಡಿದುಕೊಂಡೆ. ನಿನ್ನ ಮಗಳಿಗೆ ಸುಳ್ಳು ಹೇಳಿದ್ದೇನೆ, ಅಲ್ಲಿ ಸಿಕ್ಕಾಗ ಬಾಯಿ ಬಿಡಬೇಡ ಎಂದು ಮನಸ್ಸಿನಲ್ಲೇ ಹೇಳಿದೆ. ಯಾಕೆ ಇಷ್ಟೆಲ್ಲ ತಲೆಗೆ ಹಚ್ಚಿಕೊಂಡೆನೋ. ಸೊಂಟ ಮುರಿದುಹೋಗಿದೆ.

ಮಾರ್ಚ್ 31, ಶುಕ್ರವಾರ

ಇವತ್ತು ಇವರಿಗೆ ಸ್ವಲ್ಪ ಹಗುರಾಗಿತ್ತು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಹೇರಿಮ್‌ಳ ತಾಯಿಯ ಎಡಗೈಗೆ ಏನಾಗಿತ್ತು ಎಂದು ಕೇಳಿದೆ.

ಇವರು ಬೆಚ್ಚಿಬಿದ್ದರು. ನಾನು ಅವಳ ಮಾತು ತೆಗೆದದ್ದು ಇದೇ ಮೊದಲು. ಆಮೇಲೆ ಮೆಲ್ಲಗೆ ಹೇಳಿದರು. ಮದುವೆಯಾದ ವರ್ಷ, ಅತ್ತೆಗೆ ಗೊತ್ತಾಗದಂತೆ ಪರ್ಸಿಮನ್ ಹಣ್ಣು ಕೀಳಲು ಮರ ಹತ್ತಿ ಬಿದ್ದಳಂತೆ. ಮುರಿದ ಕೈಯನ್ನು ಅತ್ತೆಯ ಮುಂದೆ ಬಚ್ಚಿಟ್ಟುಕೊಂಡು ಒಂದು ಊಟ ಪೂರ್ತಿ ಬಡಿಸಿದಳಂತೆ. ಆ ಹಣ್ಣು ಒಗರಾಗಿತ್ತಂತೆ.

"ಕೈ ಮುರ್ಕೊಂಡು ಕಿತ್ತಿದ್ದು, ಅದೂ ಒಗರು," ಅಂದರು. ನಾನು ನಕ್ಕೆ. ಇವರೂ ನಕ್ಕರು, ನಕ್ಕು ಕೆಮ್ಮಿದರು, ಬೆನ್ನು ನೀವಿದೆ. ಆಮೇಲೆ ಒಂದಾದ ಮೇಲೊಂದು ಹೇಳಿದರು. ಅವಳಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲ, ಹಾಡಿದರೆ ಶ್ರುತಿ ಸೇರುತ್ತಿರಲಿಲ್ಲ, ಆದರೂ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು. ಇಷ್ಟು ವರ್ಷ ಈ ಮನುಷ್ಯ ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮುಂದೆ ಬಾಯಿ ಮುಚ್ಚಿಕೊಂಡಿದ್ದರು. ನನಗೆ ನೋವಾಗಬಾರದೆಂದು ಇರಬೇಕು. ನಾನು ಅದನ್ನು ಬೇರೆ ಏನೋ ಅಂದುಕೊಂಡಿದ್ದೆ.

ಏಪ್ರಿಲ್ 4, ಮಂಗಳವಾರ

ನಿದ್ದೆಯೇ ಹೆಚ್ಚು. ಗಂಜಿ ಮೂರು ಚಮಚ. ಮೈ ಹಳದಿ.

ಮಾಲ್‌ಸುಕ್ ಬಂದವಳು ಮತ್ತೆ ಅದೇ ಬೋಕ್‌ಹಿಯ ಮಾತು ತೆಗೆದಳು. ಈ ಸಲ, ಹೌದು, ಅವಳ ಹಾಡು ಕೇಳಿಸಿಕೊಳ್ಳಬೇಕಲ್ಲ ಪಾಪ ಇವರು ಎಂದೆ. ಮಾಲ್‌ಸುಕ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಏಪ್ರಿಲ್ 7, ಶುಕ್ರವಾರ

ಶುಭ ಶುಕ್ರವಾರ. ಆರಾಧನೆಗೆ ಹೋಗಲಿಲ್ಲ. ಇವರ ಪಕ್ಕದಲ್ಲೇ ಕೂತಿದ್ದೆ. ಸಂಜೆ ಕಣ್ಣು ಬಿಟ್ಟು ನನ್ನನ್ನು ಸರಿಯಾಗಿ ಗುರುತಿಸಿದರು. ಇನ್ನು ಇಂಥ ಸಂಜೆ ಸಿಗಲಾರದು ಅನ್ನಿಸಿತು. ಕೇಳಿಬಿಟ್ಟೆ.

"ರೀ, ಅಲ್ಲಿ ನಾನ್ ನಿಮ್ಗೆ ಯಾರು?"

ಚರ್ಚಿನ ಹಿರಿಯರಲ್ಲವೇ, ಪಾಸ್ಟರ್ ಹೇಳಿದ್ದನ್ನೇ ಹೇಳಿದರು. ಅಲ್ಲಿ ಗಂಡ ಹೆಂಡತಿ ಅಂತ ಇಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ಸಾಯುವ ಮನುಷ್ಯನ ಮೇಲೆ ಸಿಟ್ಟು. ಇಷ್ಟು ವರ್ಷ ಕಾಲು ಒತ್ತಿದ್ದು ಈ ಮಾತು ಕೇಳುವುದಕ್ಕಾ ಅಂದುಬಿಟ್ಟೆ.

"ನಂಗೆ ಅದೇ ಭಯ ಕಣೆ," ಅಂದರು. "ಇಪ್ಪತ್ತೆಂಟನೇ ವಯಸ್ಸಿಂದ ಗಂಡ ಆಗಿದೀನಿ. ಬೇರೆ ಏನ್ ಕೆಲ್ಸ ಬರುತ್ತೆ ನಂಗೆ? ಅಲ್ಲಿ ಹೋಗಿ ಸುಮ್ನೆ ನಿಂತ್ಕೋಬೇಕಾ?"

ಈ ಮನುಷ್ಯ ಹೆದರಿದ್ದಾರೆ ಎಂದು ನನಗೆ ಹೊಳೆದೇ ಇರಲಿಲ್ಲ. ಬಂದವರೆಲ್ಲ ಬಾಗಿಲು, ಬೋಕ್‌ಹಿ ಎಂದು ಹೇಳುವಾಗ ಅವರು ನಕ್ಕದ್ದನ್ನು ಖುಷಿ ಅಂದುಕೊಂಡಿದ್ದೆ. ಚಿಕ್ಕ ಮಕ್ಕಳು ಸೂಜಿ ಕಂಡಾಗಲೂ ಹಾಗೇ ನಗುತ್ತಾರೆ. ಕೈ ಹಿಡಿದುಕೊಂಡೆ. ಹೇರಿಮ್‌ಳ ತಾಯಿ ಇದ್ದಾಳಲ್ಲ, ಎಲ್ಲ ತೋರಿಸುತ್ತಾಳೆ ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

"ನೀನು?" ಎಂದು ಕೇಳಿದರು.

"ನಾನು ನಿಧಾನಕ್ಕೆ ಬರ್ತೀನಿ. ಅಷ್ಟು ಜನದ ಮಧ್ಯೆ ನನ್ ಗುರುತು ಸಿಗ್ದೆ ಇದ್ರೆ?"

"ಬಯ್ಕೊಂಡೇ ಬಾ," ಅಂದರು. "ದೇವದೂತರು ಎಷ್ಟ್ ಜೋರಾಗಿ ಹಾಡ್ತಿದ್ರೂ ಆ ದನಿ ನಂಗೆ ಕೇಳ್ಸುತ್ತೆ."

ನಾನು ಮುಸುರೆ ತೊಳೆಯಲು ಹೋದೆ. ಬಹಳ ಹೊತ್ತು ತೊಳೆದೆ.

ಏಪ್ರಿಲ್ 9, ಭಾನುವಾರ

ಈಸ್ಟರ್. ಚರ್ಚಿನಿಂದ ಬಣ್ಣದ ಕಾಗದ ಸುತ್ತಿದ ಬೇಯಿಸಿದ ಮೊಟ್ಟೆ ಕಳಿಸಿದ್ದರು. ಇವರ ಕೈಗೆ ಇಟ್ಟೆ, ಬೆಚ್ಚಗಿತ್ತು, ಹಿಡಿದುಕೊಂಡೇ ಮಲಗಿದರು. ಎಲ್ಲರೂ ಬರೆದ ಸುವಾರ್ತೆಯನ್ನು ಪೀಠದ ಮುಂದೆ ಇಟ್ಟರಂತೆ. ನನ್ನದು ಮನೆಯಲ್ಲೇ ಇದೆ, ಆ ಖಾಲಿ ಸಾಲುಗಳ ಸಮೇತ.

ಏಪ್ರಿಲ್ 11, ಮಂಗಳವಾರ

ಬೆಳಿಗ್ಗೆ ಹೋದರು. ನಾನು ಕಾಲು ಒತ್ತುತ್ತಿದ್ದೆ.

ಏಪ್ರಿಲ್ 14, ಶುಕ್ರವಾರ

ಎಲ್ಲ ಮುಗಿಯಿತು. ಮೂರು ದಿನ ಜನ, ಜನ, ಸಾರು, ಜನ.

ಪಾಸ್ಟರ್ ಪ್ಯೋ ಪ್ರಸಂಗದಲ್ಲಿ ಇವರು ತಮ್ಮ ಕರ್ತನ ಹತ್ತಿರ ಹೋದರು ಅಂದರು, ಅಷ್ಟೇ. ಬಾಗಿಲಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಪ್ರಸಂಗ ಸಪ್ಪೆಯಾಯಿತು ಎಂದು ಮಾಲ್‌ಸುಕ್ ಮೂಗು ಮುರಿದಳು. ನನಗೆ ಆ ಹುಡುಗನ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು.

ಅಸ್ಥಿಗೃಹದಲ್ಲಿ ಗಾಜಿನ ಬಾಗಿಲು ತೆಗೆದು ಇವರ ಭರಣಿಯನ್ನು ಪಕ್ಕದಲ್ಲಿ ಇಟ್ಟರು. ಹೇರಿಮ್ ಹೇಳಿದ್ದು ನಿಜ, ಇಬ್ಬರಿಗೆ ಸರಿಯಾಗಿದೆ. ನೋಡಿದಾಗ ಹೊಟ್ಟೆ ಉರಿಯುತ್ತದೆ ಎಂದು ಕಾಯುತ್ತಿದ್ದೆ. ಉರಿಯಲಿಲ್ಲ. ಒಳಗೆ ನೀರು ಬರುವುದಿಲ್ಲವಷ್ಟೇ ಎಂದು ಅಲ್ಲಿನವರನ್ನು ಕೇಳಿದೆ. ಮೂರನೇ ಮಹಡಿಗೆ ಎಲ್ಲಿಂದ ಬರುತ್ತದಮ್ಮಾ ಅಂದರು.

ಮನೆಗೆ ಬಂದು ಮೊದಲು ಅತ್ತುಬಿಟ್ಟೆ. ಹಾಸಿಗೆ ಸುತ್ತುವಾಗ ಅಡಿಯಲ್ಲಿ ಆ ಮೊಟ್ಟೆ ಸಿಕ್ಕಿತು.

ಏಪ್ರಿಲ್ 19, ಬುಧವಾರ

ಅಧಿಕ ಮಾಸ ಇವತ್ತಿಗೆ ಮುಗಿಯಿತು.

ಬೆಳಿಗ್ಗೆ ಕೂತು ಬಿಟ್ಟಿದ್ದ ಸಾಲುಗಳನ್ನು ಬರೆದೆ. ಜಾಗ ಸ್ವಲ್ಪ ಕಡಿಮೆಯಾಯಿತು, ಅಕ್ಷರ ಒತ್ತಿ ಒತ್ತಿ ಬರೆದು ಹಿಡಿಸಿದೆ. ಅರ್ಥವಾಯಿತು ಎಂದು ಹೇಳಲಾರೆ. ಬರೆದೆ.

ಮಧ್ಯಾಹ್ನ ಹೇರಿಮ್ ರಜೆ ಹಾಕಿ ಬಂದಳು, ಇಬ್ಬರೂ ಅಸ್ಥಿಗೃಹಕ್ಕೆ ಹೋದೆವು. ಗಾಜಿನೊಳಗೆ ಇಡಲು ಒಂದು ಫೋಟೋ ತಂದಿದ್ದಳು. ಅಪ್ಪ ಅಮ್ಮನ ಮದುವೆಯದು ಇರಬೇಕು ಅಂದುಕೊಂಡೆ. ಅಲ್ಲ, ಇವರು ನನ್ನ ಅಂಗಡಿಯ ಮುಂದೆ ಸ್ಟೂಲಿನಲ್ಲಿ ಕೂತು ತೂಕಡಿಸುತ್ತಿರುವುದು. ಅಂಚಿನಲ್ಲಿ ನನ್ನ ಮೊಣಕೈ ಬಿದ್ದಿದೆ. ಯಾವಾಗ ತೆಗೆದಿದ್ದಳೋ.

ಫೋಟೋ ಇಟ್ಟು ಬಾಗಿಲು ಹಾಕಿದ ಮೇಲೆ ಅವಳು ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. ಏನೋ ಹೇಳಬೇಕು ಎಂದು ಒದ್ದಾಡುತ್ತಿದ್ದಳು. ನಾನು ಮೊಣಕಾಲು ನೀವಿಕೊಳ್ಳುತ್ತಾ ಬೆಂಚಿನ ಮೇಲೆ ದೂರದಲ್ಲಿ ಕೂತಿದ್ದೆ. ಅವಳು ಹತ್ತಿರ ಬರಲಿಲ್ಲ, ಅಲ್ಲಿಂದಲೇ ಕೂಗಿದಳು.

"ಚಿಕ್ಕಮ್ಮಾ."

ಯಾರನ್ನು ಕರೆದಳು ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಆವತ್ತು ನಾನ್ ಕೇಳಲೇ ಇಲ್ಲ," ಎಂದಳು. "ಪಕ್ಕದ ಗೂಡು ಖಾಲಿ ಇದೆ. ಬೇಡ ಅಂದ್ರೆ ಇದ್ರಲ್ಲೇ ಚಿಕ್ಕ ಭರಣಿ ಒತ್ತಿ ಇಡೋಕೆ ಆಗುತ್ತಂತೆ, ವಿಚಾರಿಸ್ದೆ. ನಿಮ್ಗೆ ಎಲ್ಲಿರ್ಬೇಕು ಅಂತಿದೆ?"

ಒಂದೂವರೆ ತಿಂಗಳಿಂದ ಈ ಮಾತಿಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಈಗ ಕೇಳಿದಾಗ ಬರಲಿಲ್ಲ. ಅವಸರವೇನಿಲ್ಲ ಅನ್ನಿಸಿತು. ಇಬ್ಬರಿಗೇ ಇಕ್ಕಟ್ಟಾಗಿದೆ, ಹೊಸದಾಗಿ ಒಳಗೆ ಹೋಗುವವಳು ಹೇಳದೆ ಕೇಳದೆ ಹೋಗಬಾರದು.

"ಅಕ್ಕನ್ನ ಒಂದು ಮಾತು ಕೇಳ್ಬೇಕು," ಎಂದೆ. "ಮೊದ್ಲಿಂದ ಇರೋಳು ಅವಳು."

ಇದರಲ್ಲಿ ಅಳುವಂಥದ್ದೇನಿತ್ತೋ, ಹೇರಿಮ್ ಅಲ್ಲೇ ಕೂತು ಅಳತೊಡಗಿದಳು. ಟೀಚರಾದವಳು ಹೀಗೆ ನೆಲದ ಮೇಲೆ ಕೂರಬಹುದೇ, ಎಬ್ಬಿಸಿ ಕಾರಿಗೆ ಕಳಿಸಿದೆ. ನಾನು ಒಂದು ನಿಮಿಷ ಹಿಂದೆ ಉಳಿದೆ. ಗಾಜಿನ ಹತ್ತಿರ ಬಾಯಿ ತಂದು ಇವರಿಗೆ ಚೆನ್ನಾಗಿ ಬಯ್ದೆ. ಬಿಸಿನೀರಿನ ಬಾಯ್ಲರ್ ರಿಪೇರಿ ಮಾಡಿಸದೆ ಹೋದದ್ದಕ್ಕೆ, ಸೀಗಡಿ ಪೀಪಾಯಿ ಎತ್ತಲು ನನ್ನೊಬ್ಬಳನ್ನೇ ಬಿಟ್ಟದ್ದಕ್ಕೆ, ಆ ಮೊಟ್ಟೆ ತಿನ್ನದೆ ಹೋದದ್ದಕ್ಕೆ. ನಡುನಡುವೆ ಬಂದು ಹೀಗೆ ಬಯ್ದು ಹೋಗಬೇಕು, ಇವರು ನನ್ನ ದನಿ ಮರೆತುಬಿಟ್ಟರೆ ಕಷ್ಟ.